‘ತೆಗೀರಿ’ ಅಂದಿದ್ದಳು, ಅಷ್ಟೇ...

"ಮೇಡಂ, ಬಾಗಿಲು ತೆಗೀರಿ! ಕಂಪ್ಯೂಟರ್ ರಿಪೇರಿ!"

ಆಶಾರಾಣಿ ಬಾಗಿಲು ತೆರೆದವಳೇ, ಬಂದವನ ಮುಖವನ್ನೂ ನೋಡದೆ ತುಟಿಯ ಮೇಲೆ ಬೆರಳಿಟ್ಟಳು. ಅವಳ ತಲೆಗೆ ಮೊಬೈಲಿನ ಹೆಡ್‌ಫೋನು, ಅದರೊಳಗೆ ಟೀಮ್ ಲೀಡ್ ಲಕ್ಷ್ಮಿಕಾಂತನ ಬೈಗುಳ. ಜೋರು ಎಷ್ಟಿತ್ತೆಂದರೆ ಬಾಗಿಲಲ್ಲಿ ನಿಂತವನಿಗೂ ಕೇಳಿಸುತ್ತಿತ್ತು.

"ಈ ತಿಂಗಳು ಇದು ಏಳನೇ ಸಲ ಆಶಾರಾಣಿ! ಕಸ್ಟಮರ್ ಟೈಪ್ ಮಾಡ್ತಾ ಇರ್ತಾರೆ, ನೀವು ನಾಪತ್ತೆ! ಇನ್ನೊಂದ್ಸಲ ಹಿಂಗಾದ್ರೆ ನನ್ನ ಕೈಲಿ ಏನೂ ಮಾಡಕ್ಕಾಗಲ್ಲ. ಬೇರೆ ಕೆಲ್ಸ ನೋಡ್ಕೊಳ್ಳಿ!"

ಕಾಲ್ ಕಟ್ಟಾಯಿತು. ಅವಳು ತಿರುಗಿದಾಗ ಕಣ್ಣು ತುಂಬಿತ್ತು. ಎದುರಿಗೆ ಹೆಗಲಿಗೆ ಬ್ಯಾಗು ಹಾಕಿಕೊಂಡ ಎತ್ತರದ ಯುವಕನೊಬ್ಬ, ಇನ್ನೊಬ್ಬರ ಬೈಗುಳ ಕೇಳಿಸಿಕೊಂಡ ಮುಜುಗರದಲ್ಲಿ ತನ್ನ ಚಪ್ಪಲಿಯನ್ನೇ ನೋಡುತ್ತಾ ನಿಂತಿದ್ದ.

"ಅಳ್ತಾ ಇದ್ದೀರಾ?"

"ಇಲ್ರೀ... ಉಳ್ಳಾಗಡ್ಡಿ ಹೆಚ್ಚಾಕತ್ತಿದ್ದೆ."

ಅವನು ಅಡುಗೆ ಕಟ್ಟೆಯ ಕಡೆ ಒಮ್ಮೆ ನೋಡಿದ. ಅಲ್ಲಿ ಈರುಳ್ಳಿಯ ಸಿಪ್ಪೆಯೂ ಇರಲಿಲ್ಲ. ಆದರೂ ಏನೂ ಹೇಳದೆ ಬ್ಯಾಗು ಬಿಚ್ಚಿದ. ಅಷ್ಟಕ್ಕೇ ಅವಳಿಗೆ ಅವನು ಸ್ವಲ್ಪ ಇಷ್ಟವಾಗಿಬಿಟ್ಟ!

"ಏನ್ ಪ್ರಾಬ್ಲಂ ಇದಕ್ಕೆ?"

"ನೆಟ್ ಹಚ್ಚಿದ್ರ ಸಾಯ್ತೈತಿ, ನೆಟ್ ಬಿಟ್ರ ಬದಕ್ತೈತಿ. ಬೇಕಾದ್ರ ಆ ವಾಯರ್ ತೆಗೀರಿ, ನೋಡ್ರಿ."

ಅವನು ವೈರ್ ಕಿತ್ತ. ಅಷ್ಟು ಹೊತ್ತು ಗರ ಬಡಿದವರಂತೆ ನಿಂತಿದ್ದ ಪರದೆ ತಟ್ಟನೆ ಓಡತೊಡಗಿತು. ಮತ್ತೆ ಸಿಕ್ಕಿಸಿದ. ಬಾಣದ ಗುರುತು ಹೋಗಿ ಚಕ್ರ ಬಂತು, ಚಕ್ರ ಸುತ್ತುತ್ತಲೇ ಉಳಿಯಿತು.

"ಒಳ್ಳೆ ಹಟಮಾರಿ ಇದು," ಎಂದು ಅವನು ನಕ್ಕ.

ಅವನ ಹೆಸರು ಸುಗತ. ಹಲಸೂರು ಕೆರೆಯ ಹಿಂದಿನ ಗಲ್ಲಿಯಲ್ಲಿ ಅವನದೊಂದು ಚಿಕ್ಕ ರಿಪೇರಿ ಅಂಗಡಿ. ನಂಬರ್ ಕೊಟ್ಟವರು ಕೆಳಗಿನ ಮನೆಯ ಶರ್ಫುನ್ನೀಸಾ ಆಂಟಿ. ಅವರ ಹಳೆಯ ಪ್ರಿಂಟರಿಗೆ ಮೂರು ಸಲ ಜೀವ ಕೊಟ್ಟವನು ಇವನೇ ಅಂತೆ.

ಒಂದೂವರೆ ಗಂಟೆ ಕೂತ. ಬ್ರೌಸರಿಗೆ ಅಂಟಿಕೊಂಡಿದ್ದ ಬೇಡದ ಸಾಮಾನುಗಳನ್ನೆಲ್ಲ ಕಿತ್ತ, ವೈರಸ್ ಹುಡುಕಿದ. ಕೆಲಸ ಮಾಡುತ್ತಾ, ಯಾವ ಊರು, ಬೆಂಗಳೂರು ಹಿಡಿಸಿತಾ ಎಂದೆಲ್ಲ ಕೇಳಿದ. ಗದಗದ ಕಡೆಯವಳು, ಬಂದು ಒಂದೂವರೆ ವರ್ಷ ದಾಟಿತು ಎಂದು ಅವಳು ಹೇಳಿದಳು. ಹೇಳುತ್ತಾ ಅವಳಿಗೇ ಆಶ್ಚರ್ಯ... ತನ್ನ ದನಿ ಇಷ್ಟು ಗಟ್ಟಿಯಾಗಿದೆಯೇ?

ಏಕೆಂದರೆ ಅವಳ ಕೆಲಸವೇ ಅಂಥದ್ದು. ದಿನಕ್ಕೆ ನೂರು ಜನರೊಡನೆ ಚಾಟ್. ಪರದೆಯ ಮೇಲೆ ಅವಳ ಹೆಸರು ಮಾಯಾ, ಕಂಪನಿ ಇಟ್ಟ ಹೆಸರು. 'ನಿಮಗೆ ಬೇರೆ ಏನಾದರೂ ಸಹಾಯ ಬೇಕೇ?' ಎಂದು ದಿನಕ್ಕೆ ನೂರು ಸಲ ಕೇಳುವವಳನ್ನು ತಿರುಗಿ ಕೇಳಿದವರು ಒಬ್ಬರೂ ಇಲ್ಲ. ಕಮ್ಮನಹಳ್ಳಿಯ ಮೇನ್ ರೋಡಿನ ಗದ್ದಲವೆಲ್ಲ ಮೂರನೇ ಮಹಡಿಯ ಆ ಒಂಟಿ ಕೋಣೆಗೆ ಕೇಳಿಸುತ್ತಿತ್ತು. ಆದರೆ ಅದರಲ್ಲಿ ಅವಳನ್ನು ಕರೆಯುವ ದನಿ ಯಾವುದೂ ಇರಲಿಲ್ಲ.

"ಏನಾದ್ರೂ ಆದ್ರೆ ಫೋನ್ ಮಾಡಿ," ಎಂದು ಸುಗತ ಹೊರಟ.

ಏನಾದರೂ ಆಗಲಿ ದೇವರೇ ಎಂದು ಅವಳ ಮನಸ್ಸು ಬೇಡಿಕೊಂಡಿತು. ಮರುಕ್ಷಣವೇ, ಛೀ, ಕೆಲಸ ಹೋಗುತ್ತದೆ ಎಂದು ನಾಲಿಗೆ ಕಚ್ಚಿಕೊಂಡಳು.

ದೇವರಿಗೆ ಮೊದಲನೆಯದೇ ಕೇಳಿಸಿರಬೇಕು. ನಾಲ್ಕನೇ ದಿನಕ್ಕೆ ಚಕ್ರ ಮತ್ತೆ ಸುತ್ತಿತು! ಸುಗತ ಬಂದು ವೈರ್ ಬದಲಿಸಿದ, ಮೋಡೆಮ್ ಪರೀಕ್ಷಿಸಿದ. ಅವಳು ಚಹಾ ಮಾಡಿದಳು. ಅವನು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಮುಗಿಯಬಾರದು ಎನ್ನುವ ಹಾಗೆ ನಿಧಾನವಾಗಿ ಕುಡಿದ. ಆ ವಾರವೆಲ್ಲ ಅವಳು ಆ ಲೋಟವನ್ನೇ ನೋಡಿಕೊಂಡು ಚಾಟ್ ಮಾಡಿದಳು.

ಮೂರನೇ ಸಲ ಬಂದಾಗ ಅವನು ಹಟ ಹಿಡಿದು ಕೂತ. ಮುಕ್ಕಾಲು ಗಂಟೆಯಾದ ಮೇಲೆ ಮೇಜು ಕುಟ್ಟಿ ಕೂಗಿದ.

"ಸಿಕ್ತು ಮೇಡಂ! ಕಳ್ಳ ಸಿಕ್ಕಿಬಿದ್ದ!"

ಅವಳು ಅಡುಗೆ ಕಟ್ಟೆಯ ಹತ್ತಿರ ಚಹಾ ಕುದಿಸುತ್ತಿದ್ದಳು. "ಏನ್ರೀ ಅದು?"

"ಒಂದು ಫೋಲ್ಡರ್ ಇದೆ. ನೆಟ್ ಬಂದ ತಕ್ಷಣ ಆನ್‌ಲೈನ್ ಡ್ರೈವ್‌ಗೆ ಹತ್ತೋಕೆ ನೋಡುತ್ತೆ. ಅಲ್ಲಿ ಜಾಗ ಫುಲ್. ವಾಪಸ್ ಬರುತ್ತೆ, ಮತ್ತೆ ಹತ್ತುತ್ತೆ, ಮತ್ತೆ ಬರುತ್ತೆ. ದಿನಪೂರ್ತಿ ಇದೇ ಕತೆ! ಪಾಪ, ಮಷೀನ್ ಏನ್ ಮಾಡುತ್ತೆ? ಇದರ ಹೆಸ್ರು... 'ಹಳೇವು' ಅಂತ."

ಅವಳ ಕೈಯಲ್ಲಿದ್ದ ಇಕ್ಕಳ ಜಾರಿತು.

'ಹಳೇವು'! ಅವ್ವ ಎಂದು ಹೆಸರಿಡಲು ಕೈ ಬಾರದೆ ಹಾಗೆ ಬರೆದಿದ್ದಳು. ಅವ್ವನಿಗೆ ಓದು ಬರಹ ಬರುತ್ತಿರಲಿಲ್ಲ. ದಿನಾ ಮಧ್ಯಾಹ್ನ ಫೋನಿನ ಮೈಕ್ ಒತ್ತಿ ಮಾತು ಕಳಿಸುತ್ತಿದ್ದಳು. ಒಟ್ಟು ಮುನ್ನೂರ ಹನ್ನೆರಡು. ತನ್ನ ಹಳೆಯ ಫೋನು ಕೆಡುವ ಮುಂಚೆ ಆಶಾರಾಣಿ ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿಟ್ಟಿದ್ದಳು. ಅವ್ವ ಹೋಗಿ ಎಂಟು ತಿಂಗಳು. ಅಂದಿನಿಂದ ಒಂದನ್ನೂ ಕೇಳಲು ಧೈರ್ಯ ಬಂದಿರಲಿಲ್ಲ. ಒಬ್ಬಳೇ ಕೂತು ಆ ದನಿ ಕೇಳಿಸಿಕೊಂಡರೆ ತಾನು ಉಳಿಯುವುದಿಲ್ಲ ಎಂಬ ಭಯ.

ಆದರೆ ಇಂದು ಒಬ್ಬಳೇ ಇರಲಿಲ್ಲವಲ್ಲ...

"ಏನ್ ಮಾಡ್ಲಿ ಮೇಡಂ ಇದನ್ನ?"

ಇವನ ಜೊತೆ ಕೇಳಬಹುದು. ಇವನು ಪಕ್ಕದಲ್ಲಿದ್ದರೆ ಕೇಳಬಹುದು!

"ತೆಗೀರಿ," ಎಂದಳು ಮೆಲ್ಲಗೆ.

"ಎಲ್ಲಾನೂ?"

"ಹೂಂ. ಎಲ್ಲಾ ತೆಗೀರಿ."

ಎರಡು ಲೋಟ ಹಿಡಿದು ಬಂದು ಅವನ ಪಕ್ಕದ ಸ್ಟೂಲಿನ ಮೇಲೆ ಕೂತಳು. ಕಣ್ಣು ಮುಚ್ಚಿಕೊಂಡಳು. ಈಗ ಅವ್ವ ಮಾತಾಡುತ್ತಾಳೆ... ಈಗ...

ಮೌಸಿನ ಸದ್ದು. ಆಮೇಲೆ ಸುಗತನ ಉತ್ಸಾಹದ ದನಿ.

"ನೋಡಿ ಈಗ! ಹೆಂಗ್ ಓಡ್ತಿದೆ! ಡಿಸ್ಕೂ ತುಂಬೋಗಿತ್ತು, ಅದಕ್ಕೆ ಕಸದ ಬುಟ್ಟಿನೂ ಖಾಲಿ ಮಾಡ್ಬಿಟ್ಟೆ."

"...ಏನು ಖಾಲಿ ಮಾಡಿದ್ರಿ?"

"ಅದೇ, ಆ 'ಹಳೇವು'. ನೀವೇ ತೆಗೀರಿ ಅಂದ್ರಲ್ಲ?"

ಲೋಟ ಕೆಳಗೆ ಬಿತ್ತು. ಚಹಾ ಅವನ ಬ್ಯಾಗಿನವರೆಗೂ ಹರಿಯಿತು.

"ತೆಗೀರಿ ಅಂದ್ರ... ತೆಗೀರಿ ಅಂದೆ ನಾ! ಬಾಗಿಲು ತೆಗದಂಗ! ಅಳಸ್ರಿ ಅಂದ್ನೇನ್ರೀ? ನಮ್ಮವ್ವನ ದನಿರೀ ಅದು! ಸತ್ತ ನಮ್ಮವ್ವನ ದನಿ!"

ಸುಗತನ ಮುಖ ಬಿಳಿಚಿಕೊಂಡಿತು. "ಅಯ್ಯೋ... ಮೊದಲ್ನೇ ದಿನ ವೈರ್ ತೆಗೀರಿ ಅಂದಿದ್ರಲ್ಲ, ಹಂಗೇ ಅಂತ... ನಂಗೆ..."

"ಹೊರಗ ನಡೀರಿ."

ಅವನು ಎದ್ದವನೇ ಮೊದಲು ಕಂಪ್ಯೂಟರಿನ ಪ್ಲಗ್ ಕಿತ್ತ.

"ಮುಟ್ಟಬ್ಯಾಡ್ರಿ ಅದನ್ನ!"

"ಮೇಡಂ, ಬೈರಿ, ಹೊಡೀರಿ. ಆದ್ರೆ ದಯವಿಟ್ಟು ಇದನ್ನ ಆನ್ ಮಾಡ್ಬೇಡಿ. ಅಳಿಸಿದ ತಕ್ಷಣ ಏನೂ ಹೋಗಿರಲ್ಲ. ಮನೆ ಮುಂದೆ ಟು-ಲೆಟ್ ಬೋರ್ಡ್ ಬಿದ್ದಿರುತ್ತೆ ಅಷ್ಟೇ, ಒಳಗಿನವ್ರು ಇನ್ನೂ ಒಳಗೇ ಇರ್ತಾರೆ. ಹೊಸಬ್ರು ಬಂದ್ರೆ ಮಾತ್ರ ಅವ್ರು ಹೋಗ್ಬಿಡ್ತಾರೆ. ಒಂದಕ್ಷರಾನೂ ಟೈಪ್ ಮಾಡ್ಬೇಡಿ!"

"ನಡೀರಿ ಅಂದೆ!"

ಅವನು ಮೆಟ್ಟಿಲಿಳಿದ ಸದ್ದು ನಿಂತ ಮೇಲೆ ಕೋಣೆ ಎಂದಿಗಿಂತ ದೊಡ್ಡದಾಗಿ ಕಂಡಿತು. ಅವಳು ಚೆಲ್ಲಿದ ಚಹಾವನ್ನೂ ಒರೆಸದೆ ಗೋಡೆಗೊರಗಿ ಕೂತಳು. ಅವ್ವ ಎರಡನೇ ಸಲ ಸತ್ತಿದ್ದಳು. ಈ ಸಲ ಬಾಯಾರೆ ಹೇಳಿ ಕಳಿಸಿದ್ದು ತಾನೇ.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಕೆಲಸಕ್ಕೆ ಕೂರಬೇಕು. ಕಂಪ್ಯೂಟರ್ ಆನ್ ಮಾಡಿದರೆ ಅವ್ವ ಹೋಗುತ್ತಾಳೆ. ಮಾಡದಿದ್ದರೆ ಕೆಲಸ ಹೋಗುತ್ತದೆ. ಎಂಟೂವರೆಗೆ ಅವಳು ಪ್ಲಗ್ಗನ್ನೇ ನೋಡುತ್ತಾ ಕೂತಿದ್ದಳು. ಹೋದರೆ ಹೋಗಲಿ ಕೆಲಸ, ಎಂದು ಮೊಬೈಲಿನಲ್ಲಿ ಲಕ್ಷ್ಮಿಕಾಂತನಿಗೆ ಮೆಸೇಜ್ ಬರೆಯುವಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು.

ಶರ್ಫುನ್ನೀಸಾ ಆಂಟಿ ಏದುಸಿರು ಬಿಡುತ್ತಾ ಒಂದು ಲ್ಯಾಪ್‌ಟಾಪ್ ಹಿಡಿದು ನಿಂತಿದ್ದರು.

"ತಗೋ ಬೇಟಿ. ಸುಗತ ಕೆಳಗೆ ನಿಂತವ್ನೆ. ಮೇಲೆ ಬಾರೋ ಅಂದ್ರೆ ಬರಲ್ಲ ಅಂತಾನೆ, ಮುಖ ಇಲ್ಲ ಅಂತಾನೆ. ಕ್ಯಾ ಹುವಾ? ಏನ್ ಜಗಳ ನಿಮ್ದು?"

ಮೇಲೆ ಒಂದು ಚೀಟಿ: 'ಇದು ನನ್ನದು. ಕೆಲಸ ಇದರಲ್ಲಿ ಮಾಡಿ. ನಿಮ್ಮ ಹಳೇ ಕಂಪ್ಯೂಟರ್ ಡಬ್ಬ ನನಗೆ ಕೊಡಿ. ಹುಡುಕುತ್ತೇನೆ. ಸಿಗದಿದ್ದರೆ ಮತ್ತೆ ಮುಖ ತೋರಿಸುವುದಿಲ್ಲ.'

ಕೊಡಲು ಮನಸ್ಸಿರಲಿಲ್ಲ. ಆದರೆ ಕೊಡದೆ ಇನ್ನೇನು ಮಾಡುವುದು? ಆ ಡಬ್ಬವನ್ನು ಅವ್ವನ ಹಳೆಯ ಸೀರೆಯಲ್ಲಿ ಸುತ್ತಿ ಕೆಳಗೆ ಕಳಿಸಿದಳು. ಕಿಟಕಿಯಿಂದ ನೋಡಿದಾಗ ಅವನು ಅದನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು, ಕಾಲುಗಳಿಂದ ತಬ್ಬಿ ಹಿಡಿದು, ಬಹಳ ನಿಧಾನವಾಗಿ ಹೋಗುತ್ತಿದ್ದ.

ಹತ್ತು ದಿನ ಕಳೆಯಿತು. ಸುಗತನ ಲ್ಯಾಪ್‌ಟಾಪ್ ಗಾಳಿಯಂತೆ ಓಡುತ್ತಿತ್ತು. ಒಂದು ಸಲವೂ ಚಕ್ರ ಸುತ್ತಲಿಲ್ಲ, ಲಕ್ಷ್ಮಿಕಾಂತ ಶಹಬ್ಬಾಸ್ ಎಂದ. ಅವಳಿಗೆ ಮಾತ್ರ ಆ ಹಟಮಾರಿ ಚಕ್ರವೇ ಬೇಕೆನಿಸುತ್ತಿತ್ತು. ಅದು ಸುತ್ತುತ್ತಿದ್ದಷ್ಟು ಹೊತ್ತೂ ಅವ್ವ ಒಳಗಿದ್ದಳು, ಹೊರಗೆ ಬರಲು ಒದ್ದಾಡುತ್ತಿದ್ದಳು. ತನಗದು ಗೊತ್ತೇ ಆಗಿರಲಿಲ್ಲ.

ಎರಡು ಸಲ ಅವನಿಗೆ ಫೋನ್ ಮಾಡಲು ಹೋದಳು. ಸಿಗಲಿಲ್ಲ ಎಂದುಬಿಟ್ಟರೆ? ಅವ್ವನೂ ಇಲ್ಲ, ಇವನೂ ಇಲ್ಲ! ಫೋನ್ ಕೆಳಗಿಟ್ಟಳು. ಮಧ್ಯಾಹ್ನದ ಅಡುಗೆ ಮಾಡುವುದನ್ನೂ ಬಿಟ್ಟಳು. ಉಣ್ಣಲಿಲ್ಲವೇಕೆ ಎಂದು ಕೇಳುವವರಾದರೂ ಯಾರಿದ್ದರು?

ಹನ್ನೊಂದನೇ ದಿನ ಭಾನುವಾರ. ಮಧ್ಯಾಹ್ನ ಎರಡು ಗಂಟೆ.

"ಮೇಡಂ..." ಬಾಗಿಲಾಚೆ ಮೆಲುದನಿ. "ಬಾಗಿಲು... ಓಪನ್ ಮಾಡ್ತೀರಾ?"

ತೆಗೀರಿ ಎನ್ನುವ ಮಾತಿಗೇ ಅವನು ಹೆದರಿದ್ದ! ಅವಳಿಗೆ ಅಳುವಿನ ನಡುವೆಯೂ ನಗು ಬಂತು.

ಸುಗತ ಸೊರಗಿದ್ದ. ಡಬ್ಬವನ್ನು ಸೀರೆಯ ಸಮೇತ ಮೇಜಿನ ಮೇಲಿಟ್ಟು ದೂರ ನಿಂತ.

"ಇನ್ನೂರ ತೊಂಬತ್ತೇಳು ಸಿಕ್ಕಿದೆ. ಹದಿನೈದು... ಸಿಗ್ಲಿಲ್ಲ. ತುಂಬಾ ಟ್ರೈ ಮಾಡ್ದೆ. ಸಾರಿ."

ಇನ್ನೂರ ತೊಂಬತ್ತೇಳು! ಕುರ್ಚಿ ಹಿಡಿದು ನಿಂತಳು.

"ಹೆಸ್ರು, ತಾರೀಕು ಎಲ್ಲ ಹೋಗಿದೆ, ಬರೀ ನಂಬರ್ ಉಳ್ಕೊಂಡಿದೆ. ಸರಿಯಾಗಿ ಬಂದಿದ್ಯಾ ಅಂತ ನೋಡ್ಬೇಕಿತ್ತು. ಪೂರ್ತಿ ಕೇಳಿಲ್ಲ ಮೇಡಂ, ಆಣೆಗೂ! ಅದು ನಿಮ್ದು. ಪ್ರತಿಯೊಂದರಲ್ಲೂ ಮೊದಲ್ನೇ ಎರಡು ಸೆಕೆಂಡ್ ಅಷ್ಟೇ ಕೇಳ್ದೆ."

"ಎರಡು ಸೆಕೆಂಡಿನ್ಯಾಗ ಏನ್ ಕೇಳ್ತು?"

ಸುಗತ ತಲೆ ತಗ್ಗಿಸಿದ.

"ಎಲ್ಲಾದ್ರಲ್ಲೂ ಒಂದೇ. 'ಆಶಾ, ಉಂಡೇನವಾ?'... ಇನ್ನೂರ ತೊಂಬತ್ತೇಳು ಸಲ." ಅವನ ದನಿ ಒಡೆಯಿತು. "ಅಂಗಡಿ ಮೇಲೇ ನನ್ ರೂಮು. ನಾನೊಬ್ನೇ. ಊಟ ಆಯ್ತಾ ಅಂತ ನನ್ನ ಯಾರಾದ್ರೂ ಕೇಳಿ ವರ್ಷಗಳಾಗಿತ್ತು ಮೇಡಂ. ಈ ಹತ್ತು ದಿನ ನಿಮ್ಮಮ್ಮ ಕೇಳ್ತಾನೇ ಇದ್ರು. ನಿಮ್ಮನ್ನ ಕೇಳಿದ್ದು ಅಂತ ಗೊತ್ತು. ಆದ್ರೂ ನಾನು ಪ್ರತಿ ಸಲ ಹೇಳ್ತಿದ್ದೆ, 'ಇನ್ನೂ ಇಲ್ಲಮ್ಮ' ಅಂತ..."

ಆಶಾರಾಣಿಯ ಕಣ್ಣೀರು ಕೆನ್ನೆಯ ಮೇಲೆ ಇಳಿಯಿತು. ಒರೆಸಿಕೊಳ್ಳಲಿಲ್ಲ.

"ಹದಿನೈದು ನಾನು ಕಳೆದಿದ್ದೀನಿ. ಅದು ವಾಪಸ್ ಬರಲ್ಲ," ಎಂದ ಅವನು. "ಆದ್ರೆ... ಇನ್ಮೇಲೆ ದಿನಾ ನಾನು ಕೇಳ್ಲಾ?"

"ಏನಂತ?"

"ಊಟ ಆಯ್ತಾ ಅಂತ. ನಿಮ್ಮನ್ನ. ದಿನಾ... ಜೀವ ಇರೋವರ್ಗೂ."

ಕೆಳಗೆ ರಸ್ತೆಯಲ್ಲಿ ಹಾರ್ನ್‌ಗಳು ಕೂಗುತ್ತಲೇ ಇದ್ದವು. ಅವಳು ಡಬ್ಬಕ್ಕೆ ಸುತ್ತಿದ್ದ ಸೀರೆ ಬಿಚ್ಚಿ ವೈರ್‌ಗಳನ್ನು ತಾನೇ ಜೋಡಿಸಿದಳು, ಪ್ಲಗ್ ಹಾಕಿದಳು. ಅವನ ಕೈ ಹಿಡಿದು ಸ್ಟೂಲಿನ ಮೇಲೆ ಕೂರಿಸಿ, ಮೌಸನ್ನು ಅವನ ಮುಂದೆ ಸರಿಸಿದಳು. ಪರದೆಯ ಮೇಲೆ ಮೊದಲನೇ ನಂಬರ್ ಕಾಯುತ್ತಿತ್ತು.

"ತೆಗೀರಿ," ಎಂದಳು.

ಅವನ ಬೆರಳು ನಿಂತುಬಿಟ್ಟಿತು. "ಯಾವ ತೆಗೆಯೋದು ಮೇಡಂ? ಸರಿಯಾಗಿ ಹೇಳಿಬಿಡಿ!"

"ಬಾಗಿಲು ತೆಗದಂಗ... ಮತ್ತ, ಮೇಡಂ ಅನ್ನೂದು ಬಿಡ್ರಿ. ಆಶಾ ಅನ್ರಿ."

ಅವನು ಒತ್ತಿದ. ಎಂಟು ತಿಂಗಳ ಮೇಲೆ ಆ ಕೋಣೆಯಲ್ಲಿ ಅವ್ವ ಮಾತಾಡಿದಳು.

'ಆಶಾ, ಉಂಡೇನವಾ?'

ಆಶಾರಾಣಿ ಸುಗತನ ಹೆಗಲಿಗೆ ತಲೆಯಿಟ್ಟಳು.

"ಇಲ್ಲಬೇ ಅವ್ವ," ಎಂದಳು ಬಿಕ್ಕುತ್ತಾ. "ಇನ್ನೂ ಉಂಡಿಲ್ಲ. ಇವರೂ ಉಂಡಿಲ್ಲ. ಇಬ್ರಿಗೂ ಕೂಡೇ ಅಡಗಿ ಮಾಡ್ತೀನಿ ಈಗ."