ಸೀಳುಹೊಳೆಯ ಮಂಜು

ಮಂಜು ಗುಡ್ಡದ ನೆತ್ತಿ ಮುಟ್ಟುತ್ತಿದ್ದಂತೆ ತಂತಿಗಳು ಗುಂಯ್‌ಗುಟ್ಟಿದವು. ಕೂದಲಿಗಿಂತ ತೆಳುವಾದ ಆ ತಂತಿಗಳಲ್ಲಿ ತುಂಬಿದ್ದ ವಿದ್ಯುದಾವೇಶ, ಸೂಜಿಗಲ್ಲು ಕಬ್ಬಿಣದ ಪುಡಿಯನ್ನು ಸೆಳೆಯುವಂತೆ ಮಂಜಿನ ಹನಿಗಳನ್ನು ಸೆಳೆಯುತ್ತಿತ್ತು. ಬಿಸಿಲೇರುವ ಮೊದಲೇ ಮಂಜೆಲ್ಲ ನೀರಾಗಿ, ಕೊಳವೆಯಲ್ಲಿಳಿದು, ಬಯಲುಸೀಮೆಯ ನಗರದತ್ತ ಹೊರಟಿತು.

ದೇಚವ್ವ ಹಲ್ಲು ಕಚ್ಚಿ ನೋಡುತ್ತಿದ್ದಳು. ಗುಡ್ಡದ ಬುಡದಲ್ಲಿ, ಸೀಳುಹೊಳೆಯ ದಡದಲ್ಲಿ ಅವಳ ಊರು. ಹೊಳೆ ತಿರುಗಿಸುವ ಪುಟ್ಟ ಟರ್ಬೈನನ್ನು ನೋಡಿಕೊಂಡು ಊರಿಗೆ ಬೆಳಕು ಕೊಡುವುದು ಅವಳ ಕೆಲಸ. ತಂತಿ ಬಂದ ಮೂರನೇ ಬೇಸಿಗೆಗೆ ಟರ್ಬೈನು ನಿಂತಿತು. ಬಂಡೆಗಳ ನಡುವಿನ ಗುಂಡಿಗಳಲ್ಲಿ ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು.

"ನಮ್ಮ ಹೊಳೆಗೆ ಏನು ಮಾಡಿದ್ರಿ ಸಾರ್?" ಎಂದು ಅವಳು ಗುಡ್ಡ ಹತ್ತಿ ಹೋಗಿ, ತಂತಿಯ ಸೃಷ್ಟಿಕರ್ತ ಡಾ. ಪುರಂದರರನ್ನು ಕೇಳಿದಳು.

"ಹೊಳೆಯಿಂದ ಒಂದು ತಂಬಿಗೆ ನೀರನ್ನೂ ಮುಟ್ಟಿಲ್ಲಮ್ಮ. ಗಾಳಿಯಲ್ಲಿರೋ ಮಂಜು ಯಾರ ಸ್ವತ್ತೂ ಅಲ್ಲ."

"ಬೇಸಿಗೇಲಿ ಇಲ್ಲಿ ಮಳೆ ಎಲ್ಲಿದೆ? ಆ ಮಂಜೇ ಹುಲ್ಲಿನ ತುದಿಯಿಂದ ಬೇರಿಗಿಳಿದು ಒರತೆಯಾಗೋದು, ಒರತೆ ಹೊಳೆಯಾಗೋದು. ತಾಯಿ ಮೊಲೆ ಬತ್ತಿಸಿ, ಮಗುವಿನ ಕೈಯಿಂದ ಏನೂ ಕಿತ್ಕೊಂಡಿಲ್ಲ ಅಂತೀರಾ?"

ಪುರಂದರರ ದನಿ ಇಳಿಯಿತು. "ವಾರದಲ್ಲಿ ಎರಡು ದಿನ ತಂತಿ ನಿಲ್ಲಿಸಿ ಅಂತ ಶುರುವಿನಲ್ಲೇ ಹೇಳಿದ್ದೆ. ತಂತಿ ಹಾಕಿಸಿದ ಕಂಪನಿಯವರು ಕೇಳಲಿಲ್ಲ."

"ಅಂದ್ರೆ ನಿಮಗೆ ಗೊತ್ತಿತ್ತು!"

ಅವಳು ಕೈಗೆ ಸಿಕ್ಕ ಕಲ್ಲನ್ನೆತ್ತಿ ತಂತಿಗಳ ನಿಯಂತ್ರಣ ಪೆಟ್ಟಿಗೆಯನ್ನು ಜಜ್ಜಿಹಾಕಿದಳು. ಗುಂಯ್‌ಗುಡುವುದು ನಿಂತಿತು. ಪುರಂದರರು ತಡೆಯಲಿಲ್ಲ.

ರಿಪೇರಿ ಮುಗಿಯುವವರೆಗೆ ಗುಡ್ಡ ಬೆಳಗಿಂದ ಬೆಳಗಿಗೆ ತೊಯ್ದಿತು. ಹೊಳೆ ಧುಮುಕುವ ಅಬ್ಬಿಯ ಬಂಡೆ ಮೊದಲು ಪಸೆಯಾಯಿತು, ಆಮೇಲೆ ಎಳೆಯಾಗಿ ನೀರು ಜಿನುಗಿತು. ಊರವರು ಮಕ್ಕಳನ್ನು ಎತ್ತಿಕೊಂಡು ಹೋಗಿ ತೋರಿಸಿದರು. ಅಷ್ಟರಲ್ಲಿ ಪೊಲೀಸರು ದೇಚವ್ವನನ್ನು ಕರೆದೊಯ್ದಿದ್ದರು.

"ಹೊಳೆ ಎಲ್ಲಿ ಶುರುವಾಗುತ್ತದೆ?" ನ್ಯಾಯಾಧೀಶರು ಪುರಂದರರನ್ನು ಕೇಳಿದರು.

"ಮಂಜಿನಲ್ಲಿ, ಸ್ವಾಮಿ. ದೇಚವ್ವ ಹೇಳಿದ್ದು ನಿಜ."

ನ್ಯಾಯಾಧೀಶರು ಸರ್ಕಾರಿ ನಕ್ಷೆ ಬಿಡಿಸಿದರು. ಹೊಳೆಯ ನೀಲಿ ಗೆರೆ ಅಬ್ಬಿಯ ಕೆಳಗೆ ಶುರುವಾಗಿತ್ತು. ಅದರ ಮೇಲಿನ ಹುಲ್ಲುಗುಡ್ಡಕ್ಕೆ ಒಂದೇ ಪದ: 'ಬಂಜರು'. ಕಾನೂನಿಗೆ ಅಷ್ಟು ಸಾಕಾಯಿತು. ದೇಚವ್ವನಿಗೆ ಶಿಕ್ಷೆಯಾಯಿತು.

"ಈ ಗೆರೆ ಎಳೆಯೋವಾಗ ಯಾರೂ ಬಾಯಿ ಬಿಡಲಿಲ್ವಾ?" ಎಂದು ಅವಳು ಕಟಕಟೆಯಿಂದಲೇ ಕೂಗಿದಳು.

ಹಿಂದಿನ ಬೆಂಚಿನಲ್ಲಿದ್ದ ಊರಿನ ಮುದುಕರು ತಲೆ ತಗ್ಗಿಸಿದರು. ನಕ್ಷೆಯ ಕರಡನ್ನು ಪಂಚಾಯಿತಿ ಗೋಡೆಗೆ ಅಂಟಿಸಿ ಆಕ್ಷೇಪಣೆ ಕೇಳಿದ್ದಾಗ ಅವರಿಗೆ ಇಪ್ಪತ್ತೈದು, ಮೂವತ್ತರ ಪ್ರಾಯ; ಓದಿ ಮುಂದೆ ನಡೆದಿದ್ದರು. ಈಗ ಇದನ್ನು ಓದುತ್ತಿರುವ ನಿಮ್ಮ ಹಾಗೆ.