ಏಳನೇ ಗೊಂಬೆಯ ನೋಟ

"ಕಣ್ಣು ಮುಟ್ಟಬೇಡಿ!"

ಬಾಗಿಲ ಕಡೆಯಿಂದ ಬಂದ ಆ ಗದರಿಕೆಗೆ ಅವಳು ಬೆಚ್ಚಿಬಿದ್ದು ಕೈ ಹಿಂದಕ್ಕೆಳೆದುಕೊಂಡಳು. ಮೇಜಿನ ಮೇಲೊಂದು ಮರದ ತಟ್ಟೆ. ಅದರಲ್ಲಿ ಹತ್ತಿಯ ಮೇಲೆ ಜೋಡಿ ಜೋಡಿಯಾಗಿ ಮಲಗಿದ್ದ ಗಾಜಿನ ಕಣ್ಣುಗಳು... ಕಪ್ಪು, ಕಂದು, ಬೂದು.

"ಮುಟ್ಟಿಲ್ಲ ರೀ! ನೋಡ್ತಿದ್ದೆ ಅಷ್ಟೆ."

"ನೋಡೋಕೆ ಬೆರಳು ಬೇಕಾ?"

ಎಂಥ ಮನುಷ್ಯ! ಕೆಲಸ ಕೇಳಿಕೊಂಡು ಬಂದವಳ ಜೊತೆ ಹೀಗಾ ಮಾತಾಡೋದು? ಅವಳ ಎಡಹುಬ್ಬು ತಾನಾಗಿ ಮೇಲೇರಿತು. ಅದನ್ನು ಕಂಡದ್ದೇ ತಡ, ಅವನು ಸಿಟ್ಟು ಮರೆತು ನಕ್ಕುಬಿಟ್ಟ.

"ಅಕ್ಕಾ, ಇಲ್ಲಿ ಬಾ! ಗೊಂಬೆಗೆ ಹುಬ್ಬು ಬರೆಯೋರು ಬೇಕು ಅಂತಿದ್ಯಲ್ಲ, ಹುಬ್ಬಮ್ಮನೇ ಬಂದಿದ್ದಾರೆ!"

ಹುಬ್ಬಮ್ಮ... ಆ ಹೆಸರು ಅವಳಿಗೆ ಅಂಟಿಕೊಂಡಿತು. ಸೇಡಿಗೆ ಅವಳು ಅವನನ್ನು 'ಕಣ್ಣು ಮೇಷ್ಟ್ರು' ಎಂದು ಕರೆದಳು. ಅದೂ ಅಂಟಿಕೊಂಡಿತು.

ಮಹಡಿಯ ಮೇಲಿನ ಆ ಒಂದೇ ಕೋಣೆಯಲ್ಲಿ ಮೂವರ ಕೆಲಸ. ಮಕ್ಕಳು ಎಳೆದಾಡುವ ಗೊಂಬೆಗಳಲ್ಲ ಅವು. ಗಾಜಿನ ಕಪಾಟಿನಲ್ಲಿಟ್ಟು ಜೀವಮಾನವಿಡೀ ನೋಡುತ್ತ ಕೂರುವವರು ಕೊಳ್ಳುವಂಥವು. ಒಂದೊಂದಕ್ಕೂ ಐದಾರು ತಿಂಗಳು ಹಿಡಿಯುತ್ತಿತ್ತು. ಅವನು ಪಿಂಗಾಣಿಯ ತಲೆ ಮಾಡುತ್ತಿದ್ದ. ಅವಳು ಮುಖಕ್ಕೆ ಬಣ್ಣ ಬರೆದು, ಅದು ನಿಲ್ಲಲೆಂದು ಬೆಂಕಿಗೂಡಿನಲ್ಲಿ ಸುಟ್ಟು, ಮತ್ತೆ ಬರೆದು, ಮತ್ತೆ ಸುಡುತ್ತಿದ್ದಳು. ಅವನ ಅಕ್ಕ ಬಟ್ಟೆ ಹೊಲಿದು ಕೂದಲು ಕಟ್ಟುತ್ತಿದ್ದಳು. ಬಣ್ಣವೆಲ್ಲ ಮುಗಿದ ಮೇಲೆ ಕಣ್ಣು ಕೂರಿಸುವುದು ಮಾತ್ರ ಅವನೊಬ್ಬನದೇ ಕೆಲಸ.

ಗೊಂಬೆಯ ನೆತ್ತಿ ಆಗಿನ್ನೂ ತೆರೆದೇ ಇರುತ್ತದೆ. ಅವನು ಅದರೊಳಗೆ ಬೆರಳು ತೂರಿಸಿ, ತನ್ನ ಒಂದು ಕಣ್ಣು ಮುಚ್ಚಿ, ಇನ್ನೊಂದರಲ್ಲಿ ಗುರಿ ಹಿಡಿದು, ಗಾಜಿನ ಕಣ್ಣನ್ನು ಕೂದಲೆಳೆಯಷ್ಟು ಆಚೆ ಈಚೆ ತಿರುಗಿಸುತ್ತಿದ್ದ. ಆಗ ಯಾರಾದರೂ ಕೆಮ್ಮಿದರೂ ಗದರುತ್ತಿದ್ದ. ಗೊಂಬೆಯ ನೋಟ ತನ್ನ ನೋಟಕ್ಕೆ ಸಿಕ್ಕ ಕೂಡಲೇ ಪ್ಲಾಸ್ಟರ್ ಹಾಕಿ ಒಂದೇ ಮಾತು ಹೇಳುತ್ತಿದ್ದ.

"ನೋಡ್ತು!"

ಆಮೇಲೆ ಗೊಂಬೆಯ ಕತ್ತಿನ ಹಿಂದೆ ಸೂಜಿಯಲ್ಲಿ ಅದರ ಅಂಕಿ ಕೊರೆದು, ಮೂವರೂ ಸೇರಿ ಬಿಸ್ಕತ್ತು ತಿನ್ನುತ್ತಿದ್ದರು.

ಎರಡನೇ ಗೊಂಬೆಯ ಹೊತ್ತಿಗೆ ಅವರ ಮಾತಿನಿಂದ 'ರೀ' ಬಿದ್ದುಹೋಯಿತು. ಮೂರನೆಯದರ ಹೊತ್ತಿಗೆ 'ನೀವು' ಹೋಗಿ 'ನೀನು' ಬಂತು. ನಾಲ್ಕನೆಯದಕ್ಕೆ ತುಟಿ ಬರೆಯುತ್ತಿದ್ದಾಗ ಅವನು ಹಿಂದೆ ಬಂದು ನಿಂತ. ಅವಳ ಕುಂಚ ಒಂದೆಳೆ ಮೇಲಕ್ಕೆ ಜಾರಿತು. ಆ ಗೊಂಬೆಯ ತುಟಿಯಂಚಿನಲ್ಲಿ ಈಗಲೂ ಒಂದು ಸಣ್ಣ ನಗು ಹೆಚ್ಚಾಗಿಯೇ ಇದೆ.

ಐದನೆಯದರ ಹೊತ್ತಿಗೆ ಅವಳೊಂದು ವಿಷಯ ಗಮನಿಸಿದಳು.

"ಯಾಕೋ ಹೀಗೆ ಸೊಟ್ಟಗೆ ಕೂರ್ತೀಯ? ಬೆನ್ನು ನೋವಾ?"

"ಹೀಗೆ ಕೂತ್ರೆ ನೀನು ಕಾಣ್ತೀಯ."

ಅವಳು ನಾಚಿ ತಲೆ ತಗ್ಗಿಸಿದಳು. ಕುಂಚದ ತುದಿಯ ಬಣ್ಣ ಕೆನ್ನೆಗೆ ಮೆತ್ತಿಕೊಂಡದ್ದೂ ತಿಳಿಯಲಿಲ್ಲ ಹುಚ್ಚಿಗೆ! ಇನ್ನೊಂದು ಪ್ರಶ್ನೆ ಕೇಳಬೇಕು ಅಂತ ಅವಳಿಗೆ ಹೊಳೆಯಲೇ ಇಲ್ಲ.

ಏಳನೇ ಗೊಂಬೆ ಮುಗಿದ ಮೇಲೆ ಇಬ್ಬರಿಗೂ ಮದುವೆ ಎಂದು ಅಕ್ಕ ನಿಶ್ಚಯ ಮಾಡಿದ್ದಳು. ಆ ಏಳನೆಯದು ಹುಬ್ಬಮ್ಮನ ಅಮ್ಮನ ಮುಖ.

ಅವಳಿಗೆ ಹತ್ತು ವರ್ಷವಾಗಿದ್ದಾಗ ಅಮ್ಮ ತೀರಿಕೊಂಡಿದ್ದಳು. ಉಳಿದದ್ದು ಒಂದೇ ಫೋಟೋ. ಅದರಲ್ಲೂ ಯಾರೋ ಕರೆದರು ಅಂತ ಅಮ್ಮ ಆ ಕ್ಷಣಕ್ಕೇ ಬೇರೆ ಕಡೆ ತಿರುಗಿಬಿಟ್ಟಿದ್ದಾಳೆ.

"ಒಂದು ವರ್ಷ ಆದ್ರೂ ಸರಿ, ಈ ಮುಖ ನಾನು ಬರೀತೀನಿ," ಎಂದಿದ್ದಳು ಅವನಿಗೆ. "ಕಣ್ಣು ಮಾತ್ರ ನಿನ್ನ ಕೈಲಿದೆ. ನಂಗೆ ಬೇರೇನೂ ಬೇಡ ಕಣೋ... ಅಮ್ಮ ಒಂದ್ಸಲ ನನ್ನ ನೋಡ್ಬೇಕು. ನೆಟ್ಟಗೆ."

"ನೋಡ್ತಾರೆ," ಎಂದ ಅವನು.

ಅಷ್ಟರಲ್ಲಿ ಒಂದು ಪತ್ರ ಬಂತು. ದೊಡ್ಡ ಗೊಂಬೆ ಕಾರ್ಯಾಗಾರವೊಂದು ಅವಳನ್ನು ಕರೆದಿತ್ತು, ಅವಳೊಬ್ಬಳ ಹೆಸರಿನಲ್ಲೇ ಗೊಂಬೆಗಳನ್ನು ತರುತ್ತೇವೆಂದು. ಅವಳು ಹಿಗ್ಗಿ ಹೇಳಿದಳು. ಅವನು "ಒಳ್ಳೇದಾಯ್ತು" ಎಂದು ಕಿಟಕಿಯ ಕಡೆ ತಿರುಗಿದ. ಅವತ್ತಿನಿಂದ ಅವನು ಮೂಲೆ ಸೇರಿಬಿಟ್ಟ, ಮಾತೂ ಕಡಿಮೆಯಾಯಿತು. ಅಮ್ಮನ ಕಣ್ಣು ಕೂರಿಸಲು ಮೂರು ದಿನ ತೆಗೆದುಕೊಂಡ. "ನೋಡ್ತು" ಎನ್ನಲಿಲ್ಲ. ಕಾಗದ ಸುತ್ತಿ, ಪೆಟ್ಟಿಗೆಯಲ್ಲಿಟ್ಟು, ಅವಳಿಗೂ ತೋರಿಸದೆ ನೇರವಾಗಿ ಗೊಂಬೆ ಪ್ರದರ್ಶನಕ್ಕೆ ಕಳಿಸಿದ.

ಪ್ರದರ್ಶನದ ಸಭಾಂಗಣದಲ್ಲಿ ನಲವತ್ತು ಜನರಿದ್ದರು. ಹಿರಿಯ ತೀರ್ಪುಗಾರರು ಏಳನೇ ಗೊಂಬೆಯ ಮುಂದೆ ಬಹಳ ಹೊತ್ತು ನಿಂತರು.

"ಮುಖ ಅದ್ಭುತವಾಗಿದೆಯಮ್ಮ. ಆದ್ರೆ ಇವಳು ನಮ್ಮನ್ನ ನೋಡ್ತಾನೇ ಇಲ್ವಲ್ಲ? ಕಣ್ಣು ಓರೆ ಕೂತಿದೆ."

ಅವಳು ಎದುರಿಗೆ ಹೋಗಿ ನಿಂತಳು. ಅಮ್ಮ... ಆ ಫೋಟೋದಲ್ಲಿ ಇದ್ದಂತೆಯೇ... ಬೇರೆಲ್ಲೋ ನೋಡುತ್ತಿದ್ದಳು!

ಅವಳು ಅವನ ಕಡೆ ತಿರುಗಿದಳು. ಅವನು ಗೋಡೆಗೊರಗಿ ನಿಂತಿದ್ದ.

"ಓರೆ ಇದ್ಯಾ?" ಅವನು ಮೆಲ್ಲಗೆ ಕೇಳಿದ. "ಎಷ್ಟಿದೆ?"

ಅವಳ ಮೈಯೆಲ್ಲ ಉರಿದುಹೋಯಿತು. ಅಣಕಿಸುತ್ತಿದ್ದಾನೆ!

"ಎಷ್ಟು ಅಂತ ನನ್ನ ಕೇಳ್ತೀಯಾ? ಕೂರಿಸಿದೋನು ನೀನು! ಪತ್ರ ಬಂದಾಗಿಂದ ಒಂದು ದಿನ ಮುಖ ಕೊಟ್ಟು ಮಾತಾಡಿದ್ದೀಯಾ? ಹೊಟ್ಟೆಕಿಚ್ಚು ನಿಂಗೆ! ಬೇಕಂತಲೇ ಮಾಡಿದ್ದೀಯ... ಅದೂ ನಮ್ಮಮ್ಮನ ಮುಖಕ್ಕೆ!"

ನಲವತ್ತು ತಲೆಗಳೂ ಅವರ ಕಡೆ ತಿರುಗಿದವು. ಅಕ್ಕ ಅವಳನ್ನು ಗದರಲು ಬಾಯಿ ತೆರೆದಳು. ಅವನು ಕೈ ಎತ್ತಿ ತಡೆದ.

"ಹೌದು," ಎಂದ. "ಬೇಕಂತಲೇ ಮಾಡ್ದೆ."

ಅವಳು ಅಂದೇ ಹೊರಟುಹೋದಳು. ಅಕ್ಕನಿಂದ ನಾಲ್ಕು ಸಲ ಫೋನ್ ಬಂತು. ನಾಲ್ಕೂ ಸಲ ಎತ್ತಲಿಲ್ಲ.

ಐದು ವರ್ಷ ಕಳೆಯಿತು.

ದೊಡ್ಡ ಕಾರ್ಯಾಗಾರ ಅವಳಿಗೆ ಹೆಸರು ಕೊಟ್ಟಿತು. ಒಬ್ಬಂಟಿತನವನ್ನೂ ಕೊಟ್ಟಿತು. ಅಲ್ಲಿ ಕಣ್ಣು ಕೂರಿಸುವುದಕ್ಕೆ ಅಳತೆಪಟ್ಟಿ ಇತ್ತು, ಯಾರೂ ಯಾರನ್ನೂ ಗದರುತ್ತಿರಲಿಲ್ಲ, ಗೊಂಬೆ ಮುಗಿದರೆ ಬಿಸ್ಕತ್ತೂ ಇಲ್ಲ! ಮೂರು ವರ್ಷಕ್ಕೆ ಅದನ್ನು ಬಿಟ್ಟು, ಹಳೆಯ ಗೊಂಬೆಗಳನ್ನು ರಿಪೇರಿ ಮಾಡುವ ಸ್ವಂತ ಅಂಗಡಿ ತೆರೆದಳು. ಅವನನ್ನು ಮರೆತೆ ಎಂದು ದಿನಕ್ಕೊಮ್ಮೆ ಹೇಳಿಕೊಳ್ಳುತ್ತಿದ್ದಳು. ಮರೆತವರಿಗೆ ಅಷ್ಟು ಸಲ ಹೇಳಿಕೊಳ್ಳುವ ಅಗತ್ಯ ಇರುತ್ತದೆಯೇ, ನೀವೇ ಹೇಳಿ.

ಒಂದು ಬೆಳಿಗ್ಗೆ ವಯಸ್ಸಾದ ಹೆಂಗಸೊಬ್ಬರು ಏಳು ಪೆಟ್ಟಿಗೆಗಳನ್ನು ಹೊರಿಸಿಕೊಂಡು ಬಂದರು. ಪ್ರದರ್ಶನಗಳಲ್ಲಿ ಗೊಂಬೆ ಕೊಂಡು ಸಂಗ್ರಹಿಸುವವರು.

"ನನ್ನ ಮೊಮ್ಮಗಳಿಗೆ ಕೊಡ್ಬೇಕು ಅಂತಿದ್ದೀನಮ್ಮ. ಅವಳೋ, ಇವು ನೆಟ್ಟಗೆ ನೋಡಲ್ಲ, ಹೆದರಿಕೆ ಆಗತ್ತೆ ಅಂತಾಳೆ. ಎಲ್ಲದರ ಕಣ್ಣೂ ಸರಿ ಮಾಡ್ಕೊಡಿ."

ಮೊದಲ ಪೆಟ್ಟಿಗೆ ತೆರೆದದ್ದೇ ಅವಳು ಉಳಿದ ಆರನ್ನೂ ಒಂದೊಂದಾಗಿ ಬಿಚ್ಚಿದಳು. ಅವಳದೇ ಹುಬ್ಬುಗಳು. ಅವಳದೇ ತುಟಿಗಳು. ಏಳೂ ಆ ಮಹಡಿಯ ಕೋಣೆಯವು.

"ಎಲ್ಲದರದ್ದಾ? ಓರೆ ಇರೋದು ಕೊನೇದೊಂದೇ ಅಲ್ವಾ ಅಮ್ಮ?"

"ಸಾಲಾಗಿಟ್ಟು ನೋಡಿ, ನಿಮಗೇ ಗೊತ್ತಾಗತ್ತೆ," ಎಂದು ಅವರು ಹೋದರು.

ಅವಳು ಕತ್ತಿನ ಹಿಂದಿನ ಅಂಕಿ ನೋಡಿ ಒಂದರಿಂದ ಏಳರವರೆಗೆ ಸಾಲಾಗಿ ನಿಲ್ಲಿಸಿದಳು.

ಒಂದು, ನೆಟ್ಟಗೆ. ಎರಡು, ನೆಟ್ಟಗೆ. ಮೂರನೆಯದು... ಕೂದಲೆಳೆಯಷ್ಟು ಪಕ್ಕಕ್ಕೆ. ನಾಲ್ಕು, ಇನ್ನೂ ಸ್ವಲ್ಪ. ಐದು, ಆರು, ಇನ್ನೂ ಇನ್ನೂ. ಎಲ್ಲವೂ ಒಂದೇ ದಿಕ್ಕಿಗೆ.

ಮೂರನೆಯದರ ಹೊತ್ತಿಗೆ ಯಾವ ಪತ್ರವೂ ಬಂದಿರಲಿಲ್ಲ. 'ನೀನು' ಎಂದು ಮೊದಲ ಸಲ ಕರೆದು ಇಬ್ಬರೂ ಕೆಂಪಾದ ದಿನಗಳವು! ಆಗ ಅವನಿಗೆ ಯಾರ ಮೇಲೆ ಹೊಟ್ಟೆಕಿಚ್ಚು?

ಅವಳು ಮೂರನೇ ಗೊಂಬೆಯ ಎದುರು ನಿಂತು ಸ್ವಲ್ಪ ಬಲಕ್ಕೆ ಸರಿದಳು. ಗೊಂಬೆ ಅವಳನ್ನು ನೋಡಿತು. ನಾಲ್ಕನೆಯದಕ್ಕೆ ಇನ್ನಷ್ಟು ಸರಿದಳು. ಅದೂ ನೋಡಿತು. ಐದನೆಯದಕ್ಕೆ ಪೂರ್ತಿ ಒಂದು ಹೆಜ್ಜೆ ಬೇಕಾಯಿತು.

*ಹೀಗೆ ಕೂತ್ರೆ ನೀನು ಕಾಣ್ತೀಯ.*

ಅಯ್ಯೋ... ಅದು ಸರಸದ ಮಾತಾಗಿರಲಿಲ್ಲವಾ? ಅವನು ಕಂಡದ್ದನ್ನೇ ಹೇಳಿದ್ದನಾ? ಎದುರಿಗಿದ್ದದ್ದು ಅವನಿಗೆ ಕಾಣುತ್ತಿರಲಿಲ್ಲ. ಪಕ್ಕಕ್ಕೆ ಸರಿದು ನೋಡುತ್ತಿದ್ದ. ಗೊಂಬೆಗಳು ಓರೆಯಾಗಿ ನೋಡಿರಲೇ ಇಲ್ಲ. ಅವನು ಎಲ್ಲಿದ್ದನೋ ಅಲ್ಲಿಗೆ, ಅವನ ಕಣ್ಣಿಗೆ, ನೆಟ್ಟಗೆ ನೋಡಿದ್ದವು!

ಏಳನೆಯದರ ಬಳಿ ಹೋಗಲು ಅವಳಿಗೆ ಧೈರ್ಯ ಸಾಲಲಿಲ್ಲ. ಆದರೂ ಹೋದಳು. ಬಲಕ್ಕೆ ಒಂದು ಹೆಜ್ಜೆ. ಎರಡು. ಭುಜ ಗೋಡೆಗೆ ತಾಗಿತು.

ಅಮ್ಮ ಅವಳನ್ನು ನೋಡಿದಳು.

ಹತ್ತು ವರ್ಷದವಳಂತೆ ಅವಳು ಬಿಕ್ಕಿ ಬಿಕ್ಕಿ ಅತ್ತಳು.

ಗೊಂಬೆ ತಂದ ಆ ಹೆಂಗಸಿಗೆ ಫೋನ್ ಮಾಡಿ, ಏಳನೆಯದನ್ನು ಒಂದು ದಿನದ ಮಟ್ಟಿಗೆ ಹೊರಗೆ ಒಯ್ಯಲು ಒಪ್ಪಿಗೆ ಪಡೆದು, ಮಧ್ಯಾಹ್ನವೇ ಅವಳು ಆ ಮಹಡಿಯ ಮೆಟ್ಟಿಲು ಹತ್ತಿದಳು. ಬಾಗಿಲು ತೆರೆದ ಅಕ್ಕನ ತಲೆ ನೆರೆತಿತ್ತು.

"ಬಂದ್ಯಾ?" ಎಂದಳು. ಒಳಗೆ ಬಾ ಎನ್ನಲಿಲ್ಲ. "ಮುಖ ಬರೆಯೋಳು ನೀನು. ಮೂರು ವರ್ಷಕ್ಕೂ ಮೇಲೆ ಎದುರಿಗೇ ಕೂತಿದ್ದೆ. ಅವನ ಕಣ್ಣು ನಿನ್ನ ಕಣ್ಣಿಗೆ ಬೀಳ್ಲಿಲ್ವಾ?"

"ಅಕ್ಕಾ... ನಿಮಗೆ ಗೊತ್ತಿತ್ತಾ?"

"ನಂಗೂ ಗೊತ್ತಿರ್ಲಿಲ್ಲ. ಅದಕ್ಕೇ ನಿನ್ನ ಬಾಯ್ತುಂಬ ಬೈಯೋಕೂ ಆಗ್ತಿಲ್ಲ ನನ್ನ ಕೈಲಿ. ನಿನ್ನ ಪ್ರದರ್ಶನದ ಗಡಿಬಿಡೀಲಿ ಡಾಕ್ಟ್ರ ಹತ್ರ ಹೋಗೋ ದಿನವನ್ನೂ ತಪ್ಪಿಸ್ಕೊಂಡಿದ್ದಾನೆ ಮಹಾರಾಯ. ನೀನು ಹೋದ್ಮೇಲೆ ನಂಗೆ ಡಾಕ್ಟ್ರ ಚೀಟಿ ಸಿಕ್ತು." ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡು ಪಕ್ಕಕ್ಕೆ ಸರಿದಳು. "ಹೋಗು."

ಕೋಣೆಯ ಗೋಡೆಗಳ ತುಂಬ ಈಗ ಗೊಂಬೆಯ ಕೈಗಳಿದ್ದವು. ಬಟಾಣಿಯಷ್ಟು ಮುಷ್ಟಿಗಳು, ಅರಳಿದ ಅಂಗೈಗಳು. ಅವನು ಮೇಜಿನ ಮುಂದೆ ಕೂತು ತಲೆ ಎತ್ತದೆ ಜೇಡಿಮಣ್ಣಿನಲ್ಲಿ ಒಂದು ಕಿರುಬೆರಳು ತಿದ್ದುತ್ತಿದ್ದ. ಕೈಗಳಿಗೆ ಕಣ್ಣು ಬೇಕಾಗಿರಲಿಲ್ಲ.

"ಯಾರು?"

"ನಾನು... ನಿಮ್ಮನ್ನ ನೋಡೋಕೆ ಬಂದೆ."

ಬೆರಳುಗಳು ನಿಂತವು. "ನಿಮ್ಮ ಪುಣ್ಯ. ನೋಡೋಕೆ ಆಗತ್ತೆ ನಿಮಗೆ."

ಆ 'ನಿಮಗೆ' ಅವಳ ಎದೆಗೆ ನಾಟಿತು. ತಾನೇ ತಂದ ದೂರ ಅದು. ಅವಳು ಪೆಟ್ಟಿಗೆ ತೆರೆದು ಗೊಂಬೆಯನ್ನು ಅವನ ಕೈಗಿಟ್ಟಳು. ಅವನು ಅದರ ಕತ್ತಿನ ಹಿಂದೆ ಉಗುರಿನಿಂದ ಸವರಿದ.

"ಏಳು," ಎಂದ. "ಸರಿ ಮಾಡಿಬಿಡಿ ಇದರ ಕಣ್ಣು. ಪ್ಲಾಸ್ಟರ್ ನೆನೆಸಿದ್ರೆ ಬಿಡ್ತದೆ. ನಿಮ್ಮಮ್ಮ ನಿಮ್ಮನ್ನ ನೋಡ್ಲಿ."

"ನೋಡಿದ್ಲು. ನೀನು ನಿಂತಿದ್ದ ಜಾಗಕ್ಕೆ ಹೋಗಿ ನಿಂತೆ... ನೋಡಿದ್ಲು ಕಣೋ!"

ಅವನು ಗೊಂಬೆಯನ್ನು ಮೇಜಿನ ಮೇಲೆ ಇಟ್ಟುಬಿಟ್ಟ. ದನಿಯಲ್ಲಿ ಸಿಟ್ಟಿತ್ತು.

"ಅಲ್ಲಿಗೆ ಬಂದು ನಿಲ್ಲೋಕೆ ಐದು ವರ್ಷ ಬೇಕಾಯ್ತಾ?"

"ಬೇಕಾಯ್ತು." ಅವಳು ನೆಪ ಹುಡುಕಲಿಲ್ಲ. "ನೀನ್ಯಾಕೆ ಹೇಳ್ಲಿಲ್ಲ? ಬೇಕಂತಲೇ ಮಾಡ್ದೆ ಅಂತ ಯಾಕೆ ಒಪ್ಕೊಂಡೆ?"

"ಕಣ್ಣು ಮೇಷ್ಟ್ರಿಗೆ ಕಣ್ಣಿಲ್ಲ ಅಂತ ನಲವತ್ತು ಜನದ ಮುಂದೆ ಹೇಳ್ಲಾ? ನೀನು ಹೊಟ್ಟೆಕಿಚ್ಚು ಅಂದೆ. ಕುರುಡ ಅನ್ನಿಸ್ಕೊಳ್ಳೋದಕ್ಕಿಂತ ಅದೇ ವಾಸಿ ಅನ್ನಿಸ್ತು." ಅವನು ಕಹಿಯಾಗಿ ನಕ್ಕ. "ಮತ್ತೆ... ನೀನು ಅಷ್ಟು ಸಲೀಸಾಗಿ ನಂಬಿಬಿಟ್ಯಲ್ಲ. ಅದು ಕಣ್ಣಿಗಿಂತ ಹೆಚ್ಚು ನೋವಾಯ್ತು."

ಕ್ಷಮೆ ಅನ್ನುವ ಮಾತು ನಾಲಿಗೆಯ ಮೇಲೆ ಬಂದು ಚಿಕ್ಕದಾಗಿ ಕಂಡಿತು.

"ಅವತ್ತು ಡಾಕ್ಟ್ರ ಹತ್ರ ಹೋಗಿದ್ರೆ..."

"ಹೋಗಿದ್ರೂ ಉಳೀತಿರ್ಲಿಲ್ಲ ಅಂದ್ರು. ನನ್ನ ಸಮಾಧಾನಕ್ಕೆ ಹೇಳಿದ್ರೋ ಏನೋ. ಈಗ ಎರಡೂ ಕಣ್ಣಲ್ಲೂ ನಡುವೆ ಕಪ್ಪು. ಅಂಚಲ್ಲಿ ಚೂರು ಚೂರು ಉಳಿದಿದೆ."

ಅವಳು ಮೊದಲಿನ ತನ್ನ ಸ್ಟೂಲು ಎಳೆದುಕೊಂಡು ಕೂತಳು.

"ನಾನು ಇಲ್ಲೇ ಇರ್ತೀನಿ."

"ಕನಿಕರಾನಾ?"

"ಸಿಟ್ಟು! ನೀನು ಬಾಯಿ ಬಿಡದೇ ಇದ್ದದ್ದಕ್ಕೆ ನಾನು ದಿನಾ ನಿನ್ನ ಜೊತೆ ಜಗಳ ಆಡ್ಬೇಕು. ನನ್ನ ಅಂಗಡೀಲಿ ಒಬ್ಬಳೇ ಕೂತು ಎಷ್ಟು ಅಂತ ಆಡ್ಲಿ?" ಅವಳ ದನಿ ಒಡೆಯಿತು. "ನೀನಂದ್ರೆ ಇಷ್ಟ ಕಣೋ. ಆವಾಗಲೂ... ಈವಾಗಲೂ. ಐದು ವರ್ಷ ಹಾಳು ಮಾಡ್ಬಿಟ್ಟೆ."

"ಇಬ್ರೂ ಮಾಡಿದ್ವಿ."

ಅವನು ಮಣ್ಣಿನ ಕೈಯನ್ನು ಒರೆಸಿಕೊಂಡು ಅವಳ ಕಡೆ ತಿರುಗಿದ.

"ಎದುರಿಗೆ ಕೂತ್ರೆ ನೀನು ಕಾಣಲ್ಲ."

ಅವಳು ಎದ್ದು ಪಕ್ಕಕ್ಕೆ ಬಂದಳು. "ಇಲ್ಲಿ?"

"ಇಲ್ಲ... ಇನ್ನೂ ಸ್ವಲ್ಪ ಎಡಕ್ಕೆ."

"ಈಗ?"

"ಇನ್ನೊಂಚೂರು... ಹಾಂ, ನಿಲ್ಲು. ಅಲ್ಲಾಡ್ಬೇಡ."

ಅವಳು ಉಸಿರು ಬಿಗಿಹಿಡಿದು ನಿಂತಳು.

"ಏನು ಕಾಣ್ತಿದೆ?"

"ಒಂದು ಹುಬ್ಬು," ಎಂದ ಅವನು. "ಅಷ್ಟೇ."

"ಅಷ್ಟೇನಾ?"

"ಮೇಲೆದ್ದಿದೆ. ಸಿಟ್ಟಾ, ಹುಬ್ಬಮ್ಮ?"

"ಇಲ್ಲ ಕಣೋ... ಅಳು."