ಸೊಸೆಗೆ ಗೊತ್ತಿದ್ದ ಒಂದೇ ನಡಿಗೆ

ಲ್ಯಾಬಿನಲ್ಲಿ ಅವನಿಗೆ ಗೂಟ ಎಂದು ಹೆಸರು ಬಿದ್ದದ್ದು ಸುಮ್ಮನೆ ಅಲ್ಲ. ಪಕ್ಕದ ಮೇಜಿನವಳ ರೋಬಾಟ್ ಬರುವ ದಾರಿಗೆ ಅಡ್ಡ ನಿಲ್ಲುವುದೇ ಅವನ ಕೆಲಸವಾಗಿತ್ತು, ಅದೂ ತಾನಾಗಿ ಮೈಮೇಲೆ ಎಳೆದುಕೊಂಡದ್ದು.

ರೋಬಾಟಿಗೂ ಒಂದು ಹೆಸರಿತ್ತು, ಸೊಸೆ. ಆಸ್ಪತ್ರೆಯ ಕಾರಿಡಾರಿನಲ್ಲಿ ಔಷಧಿ ಹೊತ್ತು ಓಡಾಡಬೇಕಾದ ಗಾಲಿಯ ಡಬ್ಬಿ. ಎದುರಿಗೆ ಯಾರೇ ಬಂದರೂ ಗೋಡೆಗೆ ಸರಿದು ದಾರಿ ಬಿಡಬೇಕು. ಆ ವಿನಯ ಕಲಿಸುವುದೇ ಅವಳ ಎಂ.ಟೆಕ್ ಥೀಸಿಸ್. ಕಲಿಯಲು ಜನ ಬೇಕು: ಕುಂಟುವವರು, ಓಡುವವರು, ಫೋನ್ ನೋಡುತ್ತ ನಡೆಯುವವರು. ಮಧ್ಯಾಹ್ನ ನಡೆಯಲು ಬನ್ನಿ ಎಂದು ಅವಳು ನೋಟೀಸ್ ಅಂಟಿಸಿದಳು. ಒಳಗೆ ಬಂದವನು ಇವನೊಬ್ಬನೇ.

"ಈ ಬಿಲ್ಡಿಂಗಲ್ಲಿ ಬೇರೆ ಯಾರಿಗೂ ಕಾಲಿಲ್ವಾ?" ಎಂದಳು.

"ಕಾಲಿದೆ. ಮನಸ್ಸಿಲ್ಲ."

ಅವಳು ನಕ್ಕು ಸ್ಕ್ರೀನಿಗೆ ಮುಖ ತಿರುಗಿಸಿದಳು. ನಗು ತುಟಿಯಿಂದ ಇಳಿಯಲು ಸ್ವಲ್ಪ ಹೊತ್ತೇ ಬೇಕಾಯಿತು. ಅದನ್ನು ಅವನು ಕಿಟಕಿಯ ಗಾಜಿನಲ್ಲಿ ಪೂರ್ತಿ ನೋಡಿದ.

ಸೆಮಿಸ್ಟರ್ ಪೂರ್ತಿ ಅವನೇ ನಡೆದ. ಬೇರೆಯವರನ್ನು ಹುಡುಕಿ ತರಬಹುದಿತ್ತು, ಅವಳೂ ತರಲಿಲ್ಲ. ಎದುರಾಗುವ ಹೊತ್ತಿಗೆ ಎಡಕ್ಕೆ ಹೊರಳುವುದು ಅವನ ಅಭ್ಯಾಸ. ಸೊಸೆ ಅದನ್ನು ಎಷ್ಟು ಚೆನ್ನಾಗಿ ಕಲಿಯಿತೆಂದರೆ, ಅವನ ಭುಜ ವಾಲುವ ಮೊದಲೇ ತಾನೂ ಎಡಕ್ಕೆ ಬಾಗಿ, ಸೋಕಿಯೇಬಿಟ್ಟೀತು ಎನ್ನುವಷ್ಟು ಹತ್ತಿರದಿಂದ ಹಾದುಹೋಗುತ್ತಿತ್ತು.

"ನಿನ್ನನ್ನ ಬಾಯಿಪಾಠ ಮಾಡಿದೆ ಇದು," ಎಂದಳು, ಮುಖ ಎತ್ತದೆ ಕಣ್ಣು ಮಾತ್ರ ಎತ್ತಿ.

"ಕಲಿಸಿದವರು ಮಾಡಿಲ್ವಾ?"

"ಡೆಮೋ ಮುಗೀಲಿ, ಹೇಳ್ತೀನಿ."

ಆ ಒಂದು ಮಾತನ್ನೇ ಮೆಲುಕು ಹಾಕಿಕೊಂಡು ಅವನು ಬದುಕಿದ.

ಡೆಮೋ ಗೆದ್ದರೆ ಅವಳಿಗೆ ಡಿಗ್ರಿ, ಆಸ್ಪತ್ರೆಯಲ್ಲಿ ಕೆಲಸ. ಸೋತರೆ ಕೆಲಸ ಕೈತಪ್ಪಿ ಇನ್ನೊಂದು ವರ್ಷ ಇದೇ ಕುರ್ಚಿ. ಡೆಮೋ ದಿನ ಆಸ್ಪತ್ರೆಯ ಕಡೆಯಿಂದ ಬಂದ ಹಿರಿಯ ಡಾಕ್ಟರಮ್ಮ ಕೋಲೂರಿಕೊಂಡು ನೆಟ್ಟಗೆ ನಡೆದು ಬಂದರು. ಅವರು ಎಡಕ್ಕೆ ಹೊರಳಿಯೇ ಹೊರಳುತ್ತಾರೆಂದು ನಂಬಿದ ಸೊಸೆ ಹೋಗಿ ಮೊಣಕಾಲಿಗೇ ಗುದ್ದಿತು.

"ಸೊಸೆ ಅಂತ ಸರಿಯಾಗೇ ಹೆಸರಿಟ್ಟಿದ್ದೀರಿ," ಎಂದರು ಅವರು, ಕಾಲು ತಿಕ್ಕಿಕೊಳ್ಳುತ್ತ.

ಅವಳ ಥೀಸಿಸ್ ಗೈಡ್ ನಗಲಿಲ್ಲ. ರೋಬಾಟಿಗೆ ಒಬ್ಬನ ನಡಿಗೆಯನ್ನು ಉರುಹೊಡೆಸಿ, ಅದಕ್ಕೆ ಬುದ್ಧಿ ಬಂತೆಂದು ಡೆಮೋಗೆ ತಂದ ವಿದ್ಯಾರ್ಥಿಯನ್ನು ಇದೇ ಮೊದಲು ನೋಡುತ್ತಿರುವುದಾಗಿ ಎಲ್ಲರೆದುರು ಹೇಳಿದರು. ಯಾರೂ ಬರಲಿಲ್ಲ ಸರ್ ಎಂದಳು ಅವಳು. ಬಂದಿದ್ದೆವಲ್ಲ, ಎಂದರು ಹಿಂದೆ ನಿಂತಿದ್ದ ಜೂನಿಯರ್‌ಗಳು. ಟೆಸ್ಟ್ ಕ್ಯಾನ್ಸಲ್ ಎಂದು ಗೂಟ ಬಾಗಿಲಿನಿಂದಲೇ ವಾಪಸ್ ಕಳಿಸುತ್ತಿದ್ದನಂತೆ. ತಪ್ಪು ಯಾರದೇ ಇರಲಿ, ಥೀಸಿಸ್ ನಿನ್ನದು ಎಂದು ಗೈಡ್ ಎದ್ದರು.

ಉಳಿದವರೆಲ್ಲ ಹೋದ ಮೇಲೆ ಅವಳು ಸೊಸೆಯ ಬ್ಯಾಟರಿ ಬಿಚ್ಚುತ್ತ ಅವನನ್ನು ಕೇಳಿದಳು.

"ಯಾಕೋ?"

"ದಿನಾ ಮಧ್ಯಾಹ್ನ ನೀನು ನನ್ನೊಬ್ಬನ್ನೇ ನೋಡ್ತಿದ್ದೆ. ಅದು ಇನ್ನೊಬ್ಬರಿಗೆ ಸಿಗೋದು ಬೇಡ ಅನ್ನಿಸ್ತು."

ತಿದ್ದಿ ತೀಡಿ ಇಟ್ಟುಕೊಂಡಿದ್ದ ಚೆಂದದ ಮಾತುಗಳೆಲ್ಲ ಕೈಕೊಟ್ಟು, ಅವನ ಪ್ರೇಮ ನಿವೇದನೆ ಹೀಗೆ ಮುಗಿಯಿತು.

"ನಾನೂ ಬೇರೆಯವರನ್ನ ಹುಡುಕಲಿಲ್ಲ. ಯಾಕೆ ಅಂತ ಇವತ್ತು ಹೇಳೋಳಿದ್ದೆ."

"ಹೇಳು."

"ಬೇಡ. ಮೊದಲು ಈ ಸೊಸೆಗೆ ನಿನ್ನನ್ನ ಮರೆಸ್ಬೇಕು. ಇದರ ಜೊತೇಲೇ ನಾನೂ ಮರೆಯೋದು ಕಲಿತ್ಕೋತೀನಿ."

ಮುಂದಿನ ಸೆಮಿಸ್ಟರಿನಲ್ಲಿ ಕಾರಿಡಾರಿನ ತುಂಬ ಜನ: ಕಾವಲುಗಾರರು, ಕ್ಲರ್ಕುಗಳು, ಜೂನಿಯರ್‌ಗಳು. ಸಾಲಿನ ಕೊನೆಗೆ ಅವನೂ ಬಂದು ನಿಂತ. ಅವಳು ಬೇಡ ಎನ್ನಲಿಲ್ಲ. ಬೇಡ ಎಂದಿದ್ದರೆ ಅಷ್ಟಾದರೂ ಅವನ ಪಾಲಿಗೆ ಸಿಗುತ್ತಿತ್ತು.

ಅವನು ನಡೆದ, ಎಡಕ್ಕೆ ಹೊರಳಿದ. ಸೊಸೆ ದೂರದಲ್ಲೇ ನಿಂತಿತು. ಗೋಡೆಗೆ ಸರಿದು, ಬೇಕಾದ್ದಕ್ಕಿಂತ ಹೆಚ್ಚೇ ಜಾಗ ಬಿಟ್ಟು, ದಾರಿಹೋಕರಿಗೆ ಸಲ್ಲುವ ಮರ್ಯಾದೆಯನ್ನೆಲ್ಲ ಅವನಿಗೆ ಸಲ್ಲಿಸಿ ಕಾಯಿತು.

"ತುಂಬಾ ಚೆನ್ನಾಗಿ ಬಂತು," ಎಂದಳು ಅವಳು, ಸ್ಕ್ರೀನಿನಿಂದ ಕಣ್ಣೆತ್ತದೆ. "ಮುಂದಿನವರು ಬನ್ನಿ."